ಸಂಶೋಧನ ಪ್ರಬಂಧದ ವಹಿ

ಮುಂಬಯಿಯ ಮಳೆಯು ಊರಿನ ಎಲ್ಲ ಭಾಗಗಳಲ್ಲಿಯೂ ಒಂದೇ ಪ್ರಮಾಣದಲ್ಲಿ ಬೀಳುವುದೆ? ಈ ಪ್ರಶ್ನೆಯನ್ನು ಹಿಡಿದು ನಾವು ಒಂಬತ್ತನೆಯ ಇಯತ್ತೆಯ ಐವರು ಕಳೆದ ಮಳೆಗಾಲದಲ್ಲಿ ಒಂದು ಸಂಶೋಧನ ಪ್ರಬಂಧವನ್ನು ಬರೆಯಲು ತೊಡಗಿದೆವು. 2005ನೆಯ ಇಸವಿಯ ಜುಲೈ 26ರ ಮಹಾಮಳೆಯಲ್ಲಿ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಕೊಲಾಬಾದಲ್ಲಿ ಅದರ ಹತ್ತನೆಯ ಒಂದಂಶವೂ ಬೀಳಲಿಲ್ಲವೆಂದು ಓದಿದುದೇ ನಮ್ಮ ಕುತೂಹಲಕ್ಕೆ ಕಾರಣ.

ವಿಜ್ಞಾನದ ಮಾಸ್ತರರು ಮೊದಲನೆಯ ದಿನವೇ ನಮ್ಮ ಕೈಗೆ ಒಂದು ದಪ್ಪ ವಹಿಯನ್ನು ಕೊಟ್ಟರು. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ ಡಬ್ಬಿಯನ್ನು ಗಚ್ಚಿಯ ಮೇಲಿಟ್ಟರೆ ಅದರಲ್ಲಿ ನಿಂತ ನೀರಿನ ಎತ್ತರವೇ ಮಳೆಯ ಅಳತೆ. ಹವಾಮಾನ ಇಲಾಖೆಯವರಂತೆ ಬೆಳಿಗ್ಗೆ 8-30ಕ್ಕೆ ಅಳೆದು, ಬಲಪುಟದಲ್ಲಿ ತಾರೀಖು, ಅಳತೆ, ಸಹಿ. ಎಡಪುಟದಲ್ಲಿ ಓದಿದ ಗ್ರಂಥ, ಹುಟ್ಟಿದ ಸಂದೇಹ. (ನಮ್ಮದು ಮಧ್ಯಾಹ್ನದ ಶಾಲೆಯಾದುದು ಅನುಕೂಲವಾಯಿತು.) ಶನಿವಾರ ಶನಿವಾರ ವರದಿ ಒಪ್ಪಿಸತಕ್ಕದ್ದು.

ಮೊದಲನೆಯ ವರದಿಯಲ್ಲಿ "ಕೆಲಸವು ಚೆನ್ನಾಗಿ ಸಾಗಿದೆ" ಎಂದು ಬರೆದೆವು. "ಇದು ವರದಿಯಲ್ಲ, ಕ್ಷೇಮಸಮಾಚಾರ" ಎಂದು ಮಾಸ್ತರರು ಹಿಂದಿರುಗಿಸಿದರು. ಹೋದ ವಾರ ಮಾಡುವೆವೆಂದುದು ಏನು, ಆದುದು ಎಷ್ಟು, ಎಲ್ಲಿ ತಡೆಯಿತು ಎಂಬುದು ಅವರಿಗೆ ಬೇಕಾಗಿತ್ತು.

ಜುಲೈ ತಿಂಗಳಲ್ಲಿ ಸಾಯನ್‌ನ ಅಂಕಣವನ್ನು ನೋಡುತ್ತಿರಲು 32, 32, 32 ಎಂದು ಮೂರು ದಿನ ಒಂದೇ ಅಂಕಿ ಕಂಡಿತು. ನಮ್ಮಲ್ಲೊಬ್ಬನು ನೆಂಟರ ಮನೆಗೆ ಹೋಗಿದ್ದು, ಮರಳಿ ಬಂದು ಡಬ್ಬಿಯಲ್ಲಿ ನಿಂತಿದ್ದ 96 ಮಿಲಿಮೀಟರನ್ನು ಮೂರು ದಿನಗಳಿಗೆ ಸಮನಾಗಿ ಹಂಚಿಬಿಟ್ಟಿದ್ದನು! ತಿಂಗಳ ಮೊತ್ತಕ್ಕೆ ಇದರಿಂದ ಹೆಚ್ಚಿನ ಬಾಧೆಯಿಲ್ಲ. ಆದರೆ ನಾವು ಹೋಲಿಸಹೊರಟಿದ್ದುದು ದಿನದಿನದ ಮಳೆಯನ್ನು. "ಯಾರಿಗೆ ತಿಳಿದೀತು?" ಎಂದು ನಮ್ಮಲ್ಲಿಬ್ಬರು ಅಂದರು. ಎರಡು ದಿನ ಒಬ್ಬರೊಡನೊಬ್ಬರು ಸರಿಯಾಗಿ ಮಾತಾಡಲಿಲ್ಲ. ಕೊನೆಗೆ, ಪ್ರಬಂಧವೇ ರದ್ದಾಗುವುದೆಂದು ಅಂಜುತ್ತಲೇ, ಶನಿವಾರದ ವರದಿಯಲ್ಲಿ ಬರೆದೆವು.

ಮಾಸ್ತರರು ಗದರಿಸಲಿಲ್ಲ. ಫ್ಯಾರಡೆಯವರ ಸಂಗತಿಯನ್ನು ಹೇಳಿದರು. ಜ್ವಾಲೆಯನ್ನು ಕಾಂತದ ಧ್ರುವಗಳ ನಡುವೆ ಇಟ್ಟು ಅದರ ಬೆಳಕಿನಲ್ಲಿ ಮಾರ್ಪಾಟನ್ನು ಹುಡುಕಿದ ಅವರು 1862ರಲ್ಲಿ ತಮ್ಮ ದಿನಚರಿಯಲ್ಲಿ ಏನೂ ಕಾಣಲಿಲ್ಲವೆಂದೇ ಬರೆದಿಟ್ಟರಂತೆ. ಆ ಪ್ರಶ್ನೆಯನ್ನೇ ಮತ್ತೆ ಕೈಗೆತ್ತಿಕೊಂಡು ಹಾಲೆಂಡಿನ ಜೀಮನ್ನರು 1896ರಲ್ಲಿ ಆ ಮಾರ್ಪಾಟನ್ನು ಕಂಡರು.

ನಮ್ಮ ಕೋಷ್ಟಕದಲ್ಲಿ ಆ ಮೂರು ಮನೆಗಳನ್ನು ಒಂದು ಕಂಸದಿಂದ ಕೂಡಿಸಿ "ಒಟ್ಟು 96" ಎಂದು ಬರೆದಿದ್ದೇವೆ. ಬರುವ ಜೂನ್‌ನಿಂದ ಪ್ರತಿ ಡಬ್ಬಿಗೂ ಇಬ್ಬರು.