ಮನೆತನದ ರಿವಾಲ್ವರು: ತುಕ್ಕು ಮತ್ತು ಸಾಕ್ಷ್ಯ

ಇಂಗ್ಲೆಂಡಿನ ಹಳೆಯ ಮನೆತನಗಳಲ್ಲಿ ಕೋಲ್ಟ್ ಕಂಪೆನಿಯ 1851ರ ‘ನೇವಿ’ ಮಾದರಿಯ ರಿವಾಲ್ವರು ಪಿತ್ರಾರ್ಜಿತವಾಗಿ ಉಳಿದುಬಂದಿರುವುದುಂಟು. ಮುತ್ತಾತನು ಅದನ್ನು ಕ್ರಿಮಿಯಾ ಯುದ್ಧದಲ್ಲಿ (1853–56) ಧರಿಸಿದ್ದನೆಂಬ ಐತಿಹ್ಯವೂ ಅದರ ಬೆನ್ನಿಗಿರುತ್ತದೆ. ಇಂಥ ಮಾತನ್ನು ಒಪ್ಪುವ ಮೊದಲು ಆಯುಧವನ್ನೇ ವಿಚಾರಿಸತಕ್ಕದ್ದು.

ಪರೀಕ್ಷಕನು ಮೊದಲು ತನ್ನ ಪ್ರಾಣವನ್ನು ಕಾಯ್ದುಕೊಳ್ಳಬೇಕಷ್ಟೆ! ಈ ಮಾದರಿಯ ಆರು ಕೋಶಗಳಿಗೆ ಮದ್ದುಗುಂಡುಗಳನ್ನು ಮುಂದಿನಿಂದ ತುಂಬುತ್ತಿದ್ದರು. ಅಂದು ತುಂಬಿದ ಮದ್ದು ಇಂದಿಗೂ ಸಿಡಿಯಬಲ್ಲುದು.

ಸ್ಯಾಮ್ಯುಯೆಲ್ ಕೋಲ್ಟನು 1853ರಲ್ಲಿ ಲಂಡನ್ನಿನ ಪಿಮ್ಲಿಕೊದಲ್ಲಿ ಕಾರ್ಖಾನೆಯನ್ನು ತೆರೆದನು. ಅಲ್ಲಿಯ ರಿವಾಲ್ವರಿನ ನಳಿಗೆಯ ಮೇಲೆ ಲಂಡನ್ನಿನ ವಿಳಾಸವುಂಟು. ಸರಕಾರವು ಕೊಂಡವುಗಳಿಗೆ ಅಗಲವಾದ ಬಾಣದ ಮುದ್ರೆ. ಬಾಣವಿದ್ದರೆ ಅದು ಸರಕಾರದ ಸ್ವತ್ತಾಗಿತ್ತೆಂದು ತಿಳಿಯುತ್ತದೆ, ಮುತ್ತಾತನ ಕೈಯಲ್ಲಿತ್ತೆಂದಲ್ಲ. ಬಾಣವಿಲ್ಲದ ಮಾತ್ರಕ್ಕೆ ಐತಿಹ್ಯ ಸುಳ್ಳೂ ಅಲ್ಲ. ಅಧಿಕಾರಿಗಳು ಸ್ವಂತ ಹಣದಿಂದಲೂ ಕೊಳ್ಳುತ್ತಿದ್ದರು. ಕ್ರಮಸಂಖ್ಯೆಯನ್ನು ಹಲವು ಬಿಡಿಭಾಗಗಳ ಮೇಲೂ ಒತ್ತಿರುವುದರಿಂದ, ಅವು ಪರಸ್ಪರ ಹೊಂದದಿದ್ದರೆ ನಡುವೆ ಭಾಗ ಬದಲಾದುದನ್ನು ಊಹಿಸಬಹುದು.

ಈ ಸಾಕ್ಷ್ಯಕ್ಕೆ ತುಕ್ಕಿಗಿಂತಲೂ ದೊಡ್ಡ ಶತ್ರು ಉತ್ಸಾಹದ ಉಜ್ಜಾಟ. ತಿರುಗುವ ಸಿಲಿಂಡರಿನ ಮೇಲೆ 1843ರ ಕಾಂಪೆಚೆ ನೌಕಾಯುದ್ಧದ ಚಿತ್ರವಿದೆ. ಅದರ ಗೆರೆಗಳು ಬಹು ತೆಳು. ಮರಳುಕಾಗದದ ಒಂದೆರಡು ತಿಕ್ಕಿಗೆ ಹಡಗುಗಳು ಮಾಯವಾಗುತ್ತವೆ, ಮುದ್ರೆಗಳೂ ಮಸುಕಾಗುತ್ತವೆ. ಹೊಳಪು ಬಂದಿತೆಂದು ಮನೆಯವರು ಹಿಗ್ಗುವಾಗ ಇತಿಹಾಸ ಕಳೆದಿರುತ್ತದೆ. ಆದುದರಿಂದ ಹಳೆಯ ಕಂದುಬಣ್ಣವನ್ನು ಹಾಗೆಯೇ ಬಿಟ್ಟು, ಹುಡಿಯಾಗುವ ಕೆಂಪು ತುಕ್ಕನ್ನು ಮಾತ್ರ ಎಣ್ಣೆಯಲ್ಲಿ ನೆನೆಸಿ ಮೆತ್ತನೆಯ ಬಟ್ಟೆಯಿಂದ ತೆಗೆಯುವುದು ಯುಕ್ತ. ಮುರಿದ ಸ್ಪ್ರಿಂಗಿಗೆ ಬದಲಿ ಹಾಕಿದರೆ, ಹಳೆಯದಕ್ಕೆ ಚೀಟಿ ಕಟ್ಟಿ ಜೊತೆಯಲ್ಲಿಯೇ ಇಡಬೇಕು.