ಪ್ರೌಢರಲ್ಲಿ ಉಳಿದ ಗರ್ಭಕಾಲದ ಹಿಮೋಗ್ಲೋಬಿನ್



ಕಳೆದ ಶ್ರಾವಣದಲ್ಲಿ ತೇರದಾಳದ ನಮ್ಮ ಚಿಕಿತ್ಸಾಲಯಕ್ಕೆ ನೇಕಾರ ಕುಟುಂಬವೊಂದರ ಅತ್ತೆ-ಸೊಸೆ ಬಂದರು. ಸೊಸೆಗೆ ಆಗ ನಾಲ್ಕು ತಿಂಗಳು. ಅತ್ತೆಯವರ ಕೈಯಲ್ಲಿದ್ದ ರಕ್ತಪರೀಕ್ಷೆಯ ವರದಿಯಲ್ಲಿ ‘ಹಿಮೋಗ್ಲೋಬಿನ್ ಎಫ್ ಶೇ. 24’ ಎಂಬ ಸಾಲಿನ ಕೆಳಗೆ ಕೆಂಪು ಗೆರೆ ಎಳೆಯಲಾಗಿತ್ತು. “ಹುಡುಗಿ ರಕ್ತಾನ ಕೆಟ್ಟೈತಂತ್ರೀ ಡಾಕ್ಟರ್‌ರ. ಲಗ್ನಕ್ಕ ಮೊದಲ ಬೀಗರು ನಮಗ ಹೇಳಲಿಲ್ಲ” ಎಂದರು ಆ ತಾಯಿ. ಸೊಸೆ ತಲೆ ಎತ್ತಲಿಲ್ಲ.

ನಾನೂ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಎರಡು ವರ್ಷಗಳ ಹಿಂದೆ ಈ ಹುಡುಗಿಯನ್ನು ತವರಿನವರು ನನ್ನಲ್ಲಿಗೇ ಕರೆತಂದಿದ್ದರು. ಹಿಮೋಗ್ಲೋಬಿನ್ 13 ಇದ್ದರೂ, ಕೆಂಪು ರಕ್ತಕಣಗಳು ತುಸು ಚಿಕ್ಕವೆಂಬುದನ್ನಷ್ಟೇ ನೋಡಿ, ಪಾಂಡುರೋಗದ ಆರಂಭವೆಂದು ಭಾವಿಸಿ ಮೂರು ತಿಂಗಳು ನವಾಯಸ ಲೋಹ ಕೊಟ್ಟಿದ್ದೆ. ಕಣಗಳ ಗಾತ್ರ ಬದಲಾಗಲಿಲ್ಲ. ಅದು ಔಷಧದಿಂದ ಬದಲಾಗುವಂಥದ್ದೂ ಆಗಿರಲಿಲ್ಲ.

ಗರ್ಭಸ್ಥ ಶಿಶು ಉಸಿರಾಡುವುದಿಲ್ಲ. ತಾಯಿಯ ರಕ್ತದಿಂದಲೇ ಪ್ರಾಣವಾಯುವನ್ನು ಸೆಳೆದುಕೊಳ್ಳಬೇಕು. ಅದಕ್ಕಾಗಿ ಪ್ರಾಣವಾಯುವನ್ನು ಹೆಚ್ಚು ಬಿಗಿಯಾಗಿ ಹಿಡಿಯಬಲ್ಲ ‘ಎಫ್’ ಎಂಬ ಹಿಮೋಗ್ಲೋಬಿನ್ ಅದಕ್ಕಿರುತ್ತದೆ. ಜನನದ ತರುವಾಯ ಇದರ ಉತ್ಪಾದನೆ ಇಳಿಯುತ್ತ, ‘ಎ’ ಎಂಬ ಪ್ರೌಢ ಹಿಮೋಗ್ಲೋಬಿನ್ ಅದರ ಸ್ಥಾನವನ್ನು ಪಡೆಯುತ್ತದೆ. ಬೆಳೆದವರಲ್ಲಿ ಎಫ್ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ. ಆದರೆ ಕೆಲವು ವಂಶಗಳಲ್ಲಿ 11ನೆಯ ವರ್ಣತಂತುವಿನ ಒಂದು ತುಣುಕು ಲೋಪವಾಗಿ, ಈ ಉತ್ಪಾದನೆ ನಿಲ್ಲದೆ ಜೀವನಪರ್ಯಂತ ಮುಂದುವರಿಯುತ್ತದೆ. ಇಂಥವರಲ್ಲಿ ಎಫ್ ಶೇ. 20ರಿಂದ 30ರವರೆಗೂ ಇರಬಹುದು. ಇದರ ಒಂದು ಪ್ರಕಾರಕ್ಕೆ ವೈದ್ಯಗ್ರಂಥಗಳಲ್ಲಿ ‘ಭಾರತೀಯ’ ಎಂಬ ಹೆಸರೇ ಇದೆ. ತಂದೆ-ತಾಯಿ ಇಬ್ಬರಿಂದಲೂ ಇದನ್ನು ಪಡೆದು, ಬಹುತೇಕ ಎಫ್ ಒಂದರಿಂದಲೇ ಆರೋಗ್ಯವಾಗಿ ಬದುಕುವವರೂ ಇದ್ದಾರೆ.

ಚರಕಸಂಹಿತೆಯ ಶಾರೀರಸ್ಥಾನವು ಬೀಜ, ಬೀಜಭಾಗಗಳ ವಿಕೃತಿಯಿಂದ ಸಂತಾನದಲ್ಲಿ ದೋಷ ಬರುವುದನ್ನು ಹೇಳುತ್ತದೆ. ಇದೂ ಬೀಜದಿಂದಲೇ ಬಂದದ್ದು ನಿಜ. ಆದರೆ ಇದನ್ನು ದೋಷವೆನ್ನಲು ನನಗೆ ಮನಸ್ಸಾಗದು. ಚಾಮರಾಜನಗರ, ಮೈಸೂರು, ಕೊಡಗಿನ ಗಿರಿಜನರಲ್ಲಿಯೂ ಕಂಡುಬರುವ ಕುಡಗೋಲು ಕಣ ರೋಗವನ್ನು ನೋಡಿರಿ. ಆ ರೋಗವುಳ್ಳ ಹಸುಗೂಸುಗಳ ರಕ್ತದಲ್ಲಿ ಬಾಗಿದ ಕಣಗಳು ಏಕೆ ವಿರಳವೆಂಬುದನ್ನು 1948ರಲ್ಲಿ ನ್ಯೂಯಾರ್ಕಿನ ವೈದ್ಯೆ ಜಾನೆಟ್ ವಾಟ್ಸನ್ ಪರಿಶೀಲಿಸಿ, ಗರ್ಭಕಾಲದ ಹಿಮೋಗ್ಲೋಬಿನ್ನೇ ಅವುಗಳನ್ನು ಕಾಯುತ್ತಿರಬೇಕೆಂದು ಸೂಚಿಸಿದರು. 2023ರ ನವೆಂಬರಿನಲ್ಲಿ ಬ್ರಿಟನ್ನಿನಲ್ಲಿ ಅನುಮತಿ ಪಡೆದ ಜೀನ್ ಚಿಕಿತ್ಸೆಯು ಮಾಡುವುದೂ ಇದನ್ನೇ: ನಿಂತುಹೋದ ಎಫ್ ಉತ್ಪಾದನೆಯನ್ನು ಮತ್ತೆ ಆರಂಭಿಸುವುದು. ಬಹು ದುಬಾರಿಯಾದ ಆ ಚಿಕಿತ್ಸೆ ಕೊಡಲೆತ್ನಿಸುವುದನ್ನು ನಮ್ಮ ನೇಕಾರರ ಮನೆಯ ಸೊಸೆ ಹುಟ್ಟಿನಿಂದಲೇ ಪಡೆದಿದ್ದಳು!

ಹಾಗೆಂದು ಎಫ್ ಹೆಚ್ಚಿದ್ದುದೆಲ್ಲ ನಿರುಪದ್ರವಿಯಲ್ಲ. ಥಲಸ್ಸೀಮಿಯಾದ ಕೆಲವು ಪ್ರಕಾರಗಳಲ್ಲಿಯೂ ಅದು ಏರುತ್ತದೆ. ಮಗು ಬಿಳಿಚಿಕೊಂಡು ಬೆಳವಣಿಗೆ ಕುಂಠಿತವಾಗಿದ್ದರೆ, ಗುಲ್ಮ ಊದಿಕೊಂಡಿದ್ದರೆ ಈ ಲೇಖನವನ್ನು ನೆಚ್ಚಿ ಕೂಡದೆ ರಕ್ತರೋಗ ತಜ್ಞರನ್ನು ಕಾಣಬೇಕು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮ ಭಾಗದಲ್ಲಿ ವಧುವಿನಷ್ಟೇ ವರನ ಪರೀಕ್ಷೆಯೂ ಅವಶ್ಯ. ಇನ್ನೊಂದು ಮಾತು: ಇಂಥವರಿಗೆ ಮಧುಮೇಹವಿದ್ದರೆ, ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆಯು ಕೆಲವು ಯಂತ್ರಗಳಲ್ಲಿ ತಪ್ಪು ಅಂಕಿ ತೋರಿಸಬಹುದು. ವೈದ್ಯರಿಗೆ ಮೊದಲೇ ತಿಳಿಸಿರಿ.

ಹುಡುಗಿಯ ತಂದೆಯನ್ನು ಕರೆಸಿದೆ. ಐವತ್ತೆಂಟರ ವಯಸ್ಸಿನಲ್ಲಿಯೂ ಕಬ್ಬಿನ ಹೊಲದಲ್ಲಿ ದಿನವಿಡೀ ದುಡಿಯುವ ಗಟ್ಟಿ ಆಳು. ಅವರ ಎಫ್ ಶೇ. 22! ಗಂಡನ ರಕ್ತ ಸಾಮಾನ್ಯವಾಗಿತ್ತು. ಜೀನ್ ಪರೀಕ್ಷೆಯೂ ಇದು ಥಲಸ್ಸೀಮಿಯಾ ಅಲ್ಲವೆಂದು ಖಚಿತಪಡಿಸಿತು. ಬೀಗರನ್ನು ಎದುರು ಬದುರು ಕೂರಿಸಿ ಎರಡೂ ವರದಿಗಳನ್ನು ಓದಿ ಹೇಳಿದೆ. ನನ್ನ ಲೋಹದ ಔಷಧದ ತಪ್ಪನ್ನೂ ಅಲ್ಲಿಯೇ ಹೇಳಿದೆ.

ಪುಷ್ಯದಲ್ಲಿ ಹೆಣ್ಣುಮಗು ಹುಟ್ಟಿತು. ಬಾಣಂತಿಯ ಅತ್ತೆ ಬಂದು, “ಕೂಸಿನ ರಕ್ತ ಯಾವಾಗ ತೋರಿಸೂಣ್ರಿ?” ಎಂದು ಕೇಳಿದರು. ಎಲ್ಲ ಹಸುಗೂಸುಗಳಲ್ಲಿಯೂ ಎಫ್ ಹೆಚ್ಚೇ ಇರುವುದರಿಂದ ಈಗ ನೋಡಿದರೆ ಏನೂ ತಿಳಿಯದು, ಎರಡು ವರ್ಷ ತುಂಬಲಿ ಎಂದೆ.