ಇಸಿಲದ ಮಹಾಮಾತ್ರರು ಮತ್ತು ಆಪಾದಿತನ ರಕ್ಷಣೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಕಳುಹಿಸಲಾದ ಈ ಆಜ್ಞೆಗಳಲ್ಲಿ ಅಪರಾಧ ವಿಚಾರಣೆಯ ಪ್ರಸ್ತಾಪವಿಲ್ಲ. ಮಹಾಮಾತ್ರರ ನ್ಯಾಯದಾನದ ಹೊಣೆ ಎಂತಹುದೆಂಬುದನ್ನು ಧೌಲಿ, ಜೌಗಡಗಳ ಪ್ರತ್ಯೇಕ ಶಾಸನದಿಂದ ತಿಳಿಯಬೇಕು. ಅದರ ಪಾಠದ ಭಾಗವು 1989ರಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆಯಿತು. ಕಾರಣವಿಲ್ಲದೆ ಯಾರನ್ನೂ ಬಂಧನದಲ್ಲಿಡಬಾರದು, ಹಿಂಸಿಸಬಾರದು ಎಂಬುದು ಅದರ ತಿರುಳು. ಅನ್ಯಾಯದ ಮೂಲವನ್ನು ಅದು ಅಧಿಕಾರಿಯ ಸ್ವಭಾವದಲ್ಲಿಯೇ ಕಾಣುತ್ತದೆ: ಅಸೂಯೆ, ಕೋಪ, ಕ್ರೌರ್ಯ, ಆತುರ, ಅಭ್ಯಾಸದ ಕೊರತೆ, ಸೋಮಾರಿತನ, ದಣಿವು. ದಣಿವನ್ನೂ ಈ ಸಾಲಿಗೆ ಸೇರಿಸಿರುವುದು ಆಡಳಿತವನ್ನು ಹತ್ತಿರದಿಂದ ಕಂಡವನ ಮಾತು. ಐದು ವರ್ಷಗಳಿಗೊಮ್ಮೆ ಪರಿಶೀಲನೆಗೆ ಸೌಮ್ಯ ಸ್ವಭಾವದ ಮಹಾಮಾತ್ರನನ್ನು ಕಳುಹಿಸುವ ಏರ್ಪಾಡನ್ನೂ ಶಾಸನವು ಹೇಳುತ್ತದೆ.

ಇದನ್ನು ಇಂದಿನ ನಿರಪರಾಧಿತ್ವದ ಪೂರ್ವಭಾವನೆಯೆಂದೇ ಕರೆಯುವುದು ಅತಿಶಯೋಕ್ತಿಯಾದೀತು. ಅಲ್ಲಿ ರಕ್ಷಣೆಯು ಅರಸನ ಕಾಳಜಿಯೇ ಹೊರತು ಆಪಾದಿತನ ಹಕ್ಕಲ್ಲ. ಇಂದು ಚಳ್ಳಕೆರೆಯಲ್ಲಾಗಲಿ ಮೊಳಕಾಲ್ಮೂರಿನಲ್ಲಾಗಲಿ ಅಪರಾಧದ ಆರೋಪದ ಮೇಲೆ ಬಂಧಿತನಾದವನನ್ನು, ಪ್ರಯಾಣದ ಕಾಲವನ್ನುಳಿದು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೆಯ ವಿಧಿಯು ವಿಧಿಸಿದೆ. ಅಪರಾಧವನ್ನು ಸಂಶಯಾತೀತವಾಗಿ ರುಜುವಾತುಪಡಿಸುವ ಭಾರವು ಪ್ರಾಸಿಕ್ಯೂಷನ್ನಿನದು. ಕೆಲವು ವಿಶೇಷ ಅಧಿನಿಯಮಗಳು ಮಾತ್ರ ಈ ಭಾರವನ್ನು ಭಾಗಶಃ ಆಪಾದಿತನ ಮೇಲೆಯೇ ಹೊರಿಸಿವೆ.